ಸೀಟಿ ಹೊಡೆಯದ ಕುಕ್ಕರ್ ಸುಮ್ಮನಿದೆ ಅಂತೀರಾ?

ಮಕ್ಕಳೇ, ಕುಪವಾಡ ಎಂಐಡಿಸಿಯ ಕಡೆ ಪಾಳಿಯ ಕೆಲಸಕ್ಕೆ ಹೋಗುವ ಮನೆಗಳು ಬಹಳ. ಅಪ್ಪ ಒಂದು ಪಾಳಿಗೆ, ಅವ್ವ ಇನ್ನೊಂದು ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವವರು ನೀವೇ. ‘ಬ್ಯಾಳಿ ಕುಕ್ಕರಿನ್ಯಾಗ ಇಟ್ಟೀನಿ, ನಾಕ್ ಸೀಟಿ ಆದಮ್ಯಾಲೆ ಬಂದ್ ಮಾಡು’ ಅಂತ ಅವ್ವ ಹೇಳಿ ಹೋಗುತ್ತಾಳೆ. ನೀವು ಕುಳಿತು ಸೀಟಿ ಎಣಿಸುತ್ತೀರಿ. ಸರಿ, ಆದರೆ ಸೀಟಿ ಬರಲೇ ಇಲ್ಲ ಅಂದರೆ?

ಸೀಟಿ ಹೊಡೆಯುವ ಕುಕ್ಕರಿಗೆ ಹೆದರುವವರು ಬಹಳ ಜನ. ಆದರೆ ಹೆಚ್ಚು ಎಚ್ಚರ ಬೇಕಾದದ್ದು ಉರಿಯ ಮೇಲೆ ಕೂತು ಸದ್ದನ್ನೇ ಮಾಡದ ಕುಕ್ಕರಿನ ಬಗ್ಗೆ. ಯಾಕೆ ಅನ್ನೋದನ್ನ ಒಂದೊಂದೇ ಹೆಜ್ಜೆ ನೋಡೋಣ.

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

‘100 ಡಿಗ್ರಿ ಸೆಲ್ಸಿಯಸ್’ ಎಂದು ನೀವು ಥಟ್ಟನೆ ಹೇಳುತ್ತೀರಿ. ಅದು ಸಮುದ್ರಮಟ್ಟದ ಲೆಕ್ಕ. ನಮ್ಮ ಸಾಂಗ್ಲಿ-ಮಿರಜ ಭಾಗ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ತುಸು ಕಡಿಮೆ. ಹಾಗಾಗಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ, ಒತ್ತಡ ಹೆಚ್ಚಿದರೆ ಏರುತ್ತದೆ.

ತೆರೆದ ಪಾತ್ರೆಯಲ್ಲಿ ಉರಿ ಎಷ್ಟೇ ದೊಡ್ಡದು ಮಾಡಿದರೂ ನೀರು 98 ದಾಟುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಉಗಿ ಮಾಡುವುದಕ್ಕೇ ಖರ್ಚಾಗುತ್ತದೆ. ಕುಕ್ಕರಿನಲ್ಲಿ ಉಗಿಗೆ ಹೊರಗೆ ಹೋಗಲು ದಾರಿ ಇಲ್ಲ. ಅದು ಒಳಗೇ ಸೇರಿ ನೀರನ್ನು ಒತ್ತುತ್ತದೆ. ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 1 ಕೆ.ಜಿ.ಯಷ್ಟು ಹೆಚ್ಚು ಒತ್ತಡ ಬಂದಾಗ ಒಳಗಿನ ಉಷ್ಣತೆ ಸುಮಾರು 120 ಡಿಗ್ರಿ ಆಗಿರುತ್ತದೆ. ತೊಗರಿಬೇಳೆ ಬೇಗ ಬೇಯುವುದು ಇದರಿಂದಲೇ.

ಈ ಉಪಾಯ ಹೊಸದಲ್ಲ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ಇಂಥ ಪಾತ್ರೆ ಮಾಡಿ ತೋರಿಸಿದ. ಗಟ್ಟಿ ಎಲುಬು ಕೂಡ ಅದರಲ್ಲಿ ಮೆತ್ತಗಾಗುತ್ತಿತ್ತು. ಪಾತ್ರೆ ಸಿಡಿಯಬಾರದೆಂದು ಅವನು ಅದಕ್ಕೆ ತೂಕ ಹೇರಿದ ಒಂದು ಕವಾಟವನ್ನೂ ಜೋಡಿಸಿದ. ನಿಮ್ಮ ಮನೆಯ ಕುಕ್ಕರಿನ ಸೀಟಿ ಅದೇ ವಂಶದ್ದು.

ಚಿಕ್ಕ ಸೀಟಿ, ದೊಡ್ಡ ಕಾವಲು

ಸೀಟಿ ಅಂದರೆ ಬರೀ ಸದ್ದು ಮಾಡುವ ಗುಂಡಲ್ಲ, ಅದೊಂದು ಅಳತೆಯ ತೂಕ. ಉಗಿ ಬರುವ ತೂತಿನ ಅಳತೆ 0.1 ಚದರ ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಒತ್ತಡ ಚದರ ಸೆಂಟಿಮೀಟರಿಗೆ 1 ಕೆ.ಜಿ. ಅಂದರೆ ಆ ತೂತಿನ ಮೇಲೆ ಬೀಳುವ ಬಲ 0.1 ಕೆ.ಜಿ., ಅಂದರೆ 100 ಗ್ರಾಂ. ತೂತಿನ ಮೇಲೆ 100 ಗ್ರಾಂ ಸೀಟಿ ಇಟ್ಟರೆ, ಒತ್ತಡ ಅಷ್ಟಕ್ಕೆ ಮುಟ್ಟಿದ ಕೂಡಲೇ ಉಗಿ ಅದನ್ನು ಎತ್ತಿ ಹೊರಬರುತ್ತದೆ. ಒತ್ತಡ ಇಳಿದಾಗ ಸೀಟಿ ಮತ್ತೆ ಕೂರುತ್ತದೆ.

ಇನ್ನೊಂದು ಕುಕ್ಕರಿನ ಸೀಟಿ ತಂದು ಹಾಕಬಾರದು, ಸೀಟಿಯ ಮೇಲೆ ಭಾರ ಇಡಬಾರದು ಅಂತ ಹೇಳುವುದು ಇದಕ್ಕೇ. ಸೀಟಿಯ ತೂಕ ಎರಡು ಪಟ್ಟಾದರೆ ಒಳಗಿನ ಒತ್ತಡವೂ ಎರಡು ಪಟ್ಟಾಗುವವರೆಗೆ ಅದು ಏಳುವುದಿಲ್ಲ!

ಮುಚ್ಚಳದ ಲೆಕ್ಕ

ಈಗ ಮುಚ್ಚಳದ ಲೆಕ್ಕ ಮಾಡಿ. ಅಗಲ 20 ಸೆಂ.ಮೀ. ಅಂದರೆ ತ್ರಿಜ್ಯ 10. ವಿಸ್ತೀರ್ಣ 3.14 × 10 × 10 = 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 1 ಕೆ.ಜಿ. ಅಂದರೆ ಒಟ್ಟು 314 ಕೆ.ಜಿ.! ಮೂರು ಚೀಲ ಜೋಳದ ತೂಕಕ್ಕಿಂತ ಹೆಚ್ಚಿನ ಬಲ ಆ ಮುಚ್ಚಳವನ್ನು ಒಳಗಿನಿಂದ ದೂಡುತ್ತಿರುತ್ತದೆ. ಮುಚ್ಚಳ ಸರಳವಾಗಿ ತಿರುಗಲಿಲ್ಲ ಅಂದರೆ ‘ಒಳಗ ಇನ್ನೂ ಒತ್ತಡ ಐತಿ’ ಅಂತ ಅದು ನಿಮಗೆ ಹೇಳುತ್ತಿದೆ. ಅದರ ಮಾತು ಕೇಳಿ.

ಅಪಾಯ ಉಗಿಯಲ್ಲಷ್ಟೇ ಇಲ್ಲ, ನೀರಿನಲ್ಲೂ ಇದೆ. 120 ಡಿಗ್ರಿಯ ನೀರು ನೀರಾಗಿ ಉಳಿದಿರುವುದು ಒತ್ತಡ ಇರುವವರೆಗೆ ಮಾತ್ರ. ಒತ್ತಡ ಒಮ್ಮೆಲೇ ಹೋದರೆ ಹೆಚ್ಚಾದ ಶಾಖದಿಂದ ಒಂದು ಲೀಟರ್ ನೀರಿನಲ್ಲಿ 35ರಿಂದ 40 ಗ್ರಾಂ ನೀರು ತಟ್ಟನೆ ಉಗಿಯಾಗುತ್ತದೆ. ಆ ಉಗಿಗೆ ಬೇಕಾದ ಜಾಗ ಸುಮಾರು 60 ಲೀಟರ್. ಕುಕ್ಕರ್ ಬರೀ ಐದು ಲೀಟರಿನದು! ಆಗ ಉಗಿಯ ಜೊತೆ ಕುದಿಯುವ ಬೇಳೆಯೂ ಮೈಮೇಲೆ ಹಾರುತ್ತದೆ.

ಇದನ್ನು ಶಾಲೆಯಲ್ಲಿ ಗುರುಗಳ ಜೊತೆ ಮಾಡಿ ನೋಡಿ. ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಕಾಲು ಭಾಗ ಬಿಸಿನೀರು ಎಳೆದುಕೊಳ್ಳಿ. 60 ಡಿಗ್ರಿಯಷ್ಟಿದ್ದರೆ ಸಾಕು. ಗುರುಗಳು ಅದರ ಗಾಳಿಯನ್ನು ಹೊರಹಾಕಿ, ತುದಿಗೆ ರಬ್ಬರ್ ಬಿರಡೆ ಹಾಕಿ, ದಂಡವನ್ನು ಹಿಂದಕ್ಕೆ ಜಗ್ಗಲಿ. ಒಲೆಯೇ ಇಲ್ಲದೆ ನೀರು ಗುಳುಗುಳು ಕುದಿಯುವುದು ಕಾಣುತ್ತದೆ. ಅವಸರಪಟ್ಟು ಕುಕ್ಕರಿನ ಮುಚ್ಚಳ ತೆಗೆಯುವುದೂ ಹೀಗೆಯೇ, ಒತ್ತಡವನ್ನು ಒಮ್ಮೆಲೇ ಇಳಿಸಿದಂತೆ.

ಸೀಟಿ ಬರದಿದ್ದರೆ

ಉರಿ ದೊಡ್ಡದಿದೆ, ಯಾವಾಗಲೂ ಸೀಟಿ ಬರುವ ಹೊತ್ತು ದಾಟಿತು, ಸದ್ದಿಲ್ಲ. ಕಾರಣ ಮೂರು ಇರಬಹುದು. ಗ್ಯಾಸ್ಕೆಟ್ ಹಳೆಯದಾಗಿ ಮುಚ್ಚಳದ ಅಂಚಿನಿಂದ ಉಗಿ ಸೋರುತ್ತಿರಬಹುದು. ನೀರು ಬತ್ತಿ ಹೋಗಿರಬಹುದು. ಅಥವಾ ಬೇಳೆಯ ಸಿಪ್ಪೆ, ಅನ್ನದ ಅಗಳು ಉಗಿಯ ತೂತಿಗೆ ಸಿಕ್ಕಿಕೊಂಡಿರಬಹುದು. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಒಳಗೆ ಒತ್ತಡ ಏರುತ್ತಿರುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ.

ಯಾವ ಕಾರಣ ಅಂತ ನೀವು ಹುಡುಕುತ್ತ ಕೂರಬೇಡಿ. ಮಾಡುವ ಕೆಲಸ ಮೂರಕ್ಕೂ ಒಂದೇ. ಕುಕ್ಕರಿನ ಮೇಲೆ ಬಗ್ಗದೆ ಗ್ಯಾಸ್ ಬಂದ್ ಮಾಡಿ. ಸೀಟಿಯನ್ನು ಅಲ್ಲಾಡಿಸಬೇಡಿ, ಕುಕ್ಕರನ್ನು ಎತ್ತಬೇಡಿ. ದೂರ ಸರಿಯಿರಿ. ಅದು ಪೂರ್ತಿ ಆರಲಿ. ಪಕ್ಕದ ಮನೆಯ ಕಾಕುನೋ ಮಾವನನ್ನೋ ಕರೆಯಿರಿ. ಬೇಳೆ ಬೇಯದಿದ್ದರೆ ಮತ್ತೆ ಇಟ್ಟರಾಯಿತು.

ಒಲೆಗೆ ಇಡುವ ಮೊದಲು

1. ಮುಚ್ಚಳವನ್ನು ಬೆಳಕಿಗೆ ಹಿಡಿದು ಉಗಿಯ ತೂತಿನಲ್ಲಿ ಇಣುಕಿ. ಆಚೆ ಬೆಳಕು ಕಾಣಬೇಕು. ಕಾಣದಿದ್ದರೆ ತೊಳೆದು, ತೂತು ಬಿಡಿಸಿದ ಮೇಲೆಯೇ ಇಡಿ.

2. ಗ್ಯಾಸ್ಕೆಟ್ ಬಿರುಸಾಗಿದ್ದರೆ, ಸೀಳಿದ್ದರೆ ಬದಲಿಸಲು ಮನೆಯಲ್ಲಿ ಹೇಳಿ.

3. ಅಕ್ಕಿಯಾಗಲಿ, ಬೇಳೆ-ಕಾಳಾಗಲಿ ನೀರು ಸೇರಿ ಕುಕ್ಕರಿನ ಅರ್ಧ ಭಾಗ ಮಾತ್ರ ತುಂಬಿ. ಬೇಳೆ ನೊರೆ ಉಕ್ಕಿಸುತ್ತದೆ, ಆ ನೊರೆ ತೂತಿಗೆ ಬರುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಕಡಿಮೆ. ನೀರಿಲ್ಲದೆ ಎಂದೂ ಇಡಬೇಡಿ.

4. ಸೀಟಿಯನ್ನು ಮೊದಲೇ ಹಾಕಬೇಡಿ. ತೂತಿನಿಂದ ಉಗಿ ಸರಿಯಾಗಿ ಬರುವುದು ಕಂಡ ಮೇಲೆ, ಬಟ್ಟೆ ಹಿಡಿದು, ಮುಖ ದೂರ ಇಟ್ಟುಕೊಂಡು ಹಾಕಿ. ತೂತು ತೆರೆದಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

5. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ. ದೊಡ್ಡ ಉರಿಯಿಂದ ಒಳಗಿನ ಬಿಸಿ ಹೆಚ್ಚುವುದಿಲ್ಲ, ಗ್ಯಾಸ್ ಖರ್ಚಾಗುತ್ತದೆ ಅಷ್ಟೇ.

6. ಬಂದ್ ಮಾಡಿ ಹತ್ತು-ಹದಿನೈದು ನಿಮಿಷ ಬಿಡಿ. ಆಮೇಲೂ ಮುಚ್ಚಳ ಬಿಗಿ ಇದ್ದರೆ ಇನ್ನೂ ಬಿಡಿ. ಬಲ ಹಾಕಬೇಡಿ.

ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಅಂತ ಒಂದು ಗುಂಡಿ ಇರುತ್ತದೆ. ಸಾಮಾನ್ಯವಾಗಿ ಅದರೊಳಗೆ ಬೇಗ ಕರಗುವ ಮಿಶ್ರಲೋಹ ಇರುತ್ತದೆ. ಒಳಗೆ ಬಿಸಿ ಮಿತಿ ಮೀರಿದರೆ ಅದು ಕರಗಿ ಉಗಿಗೆ ದಾರಿ ಬಿಡುತ್ತದೆ. ಹಾಗೆ ಹೋದ ವಾಲ್ವಿನ ಜಾಗಕ್ಕೆ ಅದೇ ಕಂಪನಿಯ ಹೊಸದನ್ನೇ ಹಾಕಿಸಬೇಕು. ಮೊಳೆ, ಸ್ಕ್ರೂ ಹಾಕಿ ಮುಚ್ಚಿದರೆ ಕಾವಲುಗಾರನ ಬಾಯಿ ಕಟ್ಟಿದಂತೆ.

ಕಾರ್ಖಾನೆಯಲ್ಲಿ ಬಾಯ್ಲರ್ ಇದ್ದರೆ ಅದಕ್ಕೂ ಸೇಫ್ಟಿ ವಾಲ್ವ್ ಬೇಕೇ ಬೇಕು. ನಮ್ಮ ದೇಶದಲ್ಲಿ 1923ರಲ್ಲೇ ಬಾಯ್ಲರ್ ಕಾಯ್ದೆ ಬಂದಿತ್ತು. ಕಾಯ್ದೆಯ ಪ್ರಕಾರ ಬಾಯ್ಲರಿಗೆ ನೋಂದಣಿ ಬೇಕು, ಅವಧಿಗೊಮ್ಮೆ ತಪಾಸಣೆ ಆಗಬೇಕು. ಮನೆಯ ಕುಕ್ಕರಿಗೂ 2021ರಿಂದ ಐಎಸ್‌ಐ ಗುರುತು ಕಡ್ಡಾಯ, ಅದರ ಮಾನಕದ ಸಂಖ್ಯೆ ಐಎಸ್ 2347. ಆದರೆ ಕುಕ್ಕರ್ ಮನೆಗೆ ಬಂದ ಮೇಲೆ ತಪಾಸಣೆಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಆ ಕೆಲಸ ನಿಮ್ಮದು. ಇವತ್ತು ಸಂಜೆ ನಿಮ್ಮ ಮನೆಯ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ. ತೂತು, ಗ್ಯಾಸ್ಕೆಟ್, ವಾಲ್ವ್, ಐಎಸ್‌ಐ ಗುರುತು, ಈ ನಾಲ್ಕರ ಬಗ್ಗೆ ವಿಜ್ಞಾನದ ವಹಿಯಲ್ಲಿ ಬರೆದು ಗುರುಗಳಿಗೆ ತೋರಿಸಿ.