ಕ್ರೈಸ್ತರ ಮತಭೇದ: ಮೋಕ್ಷ, ಶುದ್ಧೀಕರಣ, ಅಧಿಕಾರ

ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಯೂರೋಪಿನ ಕ್ರೈಸ್ತಸಮಾಜವು ಇಬ್ಭಾಗವಾದ ಸಂಗತಿಯನ್ನು ನಾವೆಲ್ಲರೂ ಶಾಲೆಯ ಚರಿತ್ರೆಯಲ್ಲಿ ಓದಿರುತ್ತೇವೆ. ರೋಮಿನ ಅಧಿಕಾರಿಗಳ ಧನದಾಹ, ಜರ್ಮನಿಯ ಅರಸರ ಸ್ವಾತಂತ್ರ್ಯಾಪೇಕ್ಷೆ, ಅಚ್ಚಿನ ಯಂತ್ರದ ಹೊಸ ಬಲ, ಇವುಗಳಿಂದ ಆ ಒಡಕು ಹುಟ್ಟಿತೆಂದು ಅಲ್ಲಿ ಹೇಳಿರುತ್ತದೆ. ಈ ಕಾರಣಗಳು ಸುಳ್ಳಲ್ಲ. ಆದರೆ ಧನದಾಹವನ್ನು ಖಂಡಿಸಿದವರು ರೋಮನ್ ಸಭೆಯೊಳಗೇ ಬೇಕಾದಷ್ಟು ಮಂದಿ ಇದ್ದರು. ಎರಾಸ್ಮಸನಂತಹ ಪಂಡಿತನು ಪಾದ್ರಿಗಳ ದುರಾಚಾರವನ್ನು ತೀಕ್ಷ್ಣವಾಗಿ ಹಾಸ್ಯಮಾಡಿಯೂ ಆ ಸಭೆಯನ್ನು ಬಿಡಲಿಲ್ಲ. ದುರಾಚಾರವೊಂದೇ ಕಾರಣವಾಗಿದ್ದ ಪಕ್ಷದಲ್ಲಿ ಅದನ್ನು ತಿದ್ದಿದ ಮೇಲೆ ಜಗಳವು ಮುಗಿಯಬೇಕಾಗಿದ್ದಿತು. ಐದು ನೂರು ವರ್ಷ ಬಾಳಬೇಕಾದ ಕಾರಣವಿರಲಿಲ್ಲ.

ಅದರ ಬುಡದಲ್ಲಿ ಮೂರು ಪ್ರಶ್ನೆಗಳಿದ್ದವು. ಪಾಪಿಯಾದ ಮನುಷ್ಯನು ದೇವರ ಎದುರಿನಲ್ಲಿ ನೀತಿವಂತನೆನಿಸುವುದು ಹೇಗೆ? ಸತ್ತವರಿಗಾಗಿ ಬದುಕಿರುವವರು ಏನನ್ನಾದರೂ ಮಾಡಬಹುದೆ? ಈ ಎರಡರಲ್ಲಿ ಸಂದೇಹ ಬಂದಾಗ ತೀರ್ಪು ಹೇಳತಕ್ಕವರು ಯಾರು? ಈ ಮೂರಕ್ಕೂ ಎರಡು ಪಕ್ಷದವರು ಕೊಟ್ಟ ಉತ್ತರಗಳನ್ನು, ಅವರವರೇ ಒಪ್ಪುವ ರೀತಿಯಲ್ಲಿ, ಇಲ್ಲಿ ಹೇಳುವ ಪ್ರಯತ್ನ ಮಾಡುತ್ತೇವೆ. ಪ್ರಾಟೆಸ್ಟೆಂಟರಲ್ಲಿಯೂ ಒಳಪಂಗಡಗಳು ಹಲವು. ನಾವು ಮುಖ್ಯವಾಗಿ ಲೂಥರನ ಮಾರ್ಗವನ್ನು ಹಿಡಿದು ಮಾತನಾಡುತ್ತೇವೆ. ತ್ರೈಯೇಕ ದೇವರು, ಕ್ರಿಸ್ತನ ಅವತಾರ, ಶಿಲುಬೆಯ ಮರಣ, ಪುನರುತ್ಥಾನ, ದೀಕ್ಷಾಸ್ನಾನ, ಇವು ಉಭಯರಿಗೂ ಸಮ್ಮತವೆಂಬುದನ್ನು ಮೊದಲೇ ನೆನಪಿಡಬೇಕು. ಇದು ಒಂದೇ ಮನೆಯವರ ವ್ಯಾಜ್ಯ.

ವ್ಯಾಜ್ಯಕ್ಕೆ ನಿಮಿತ್ತವಾದುದು ನಮ್ಮ ಪಠ್ಯಪುಸ್ತಕಗಳು ‘ಪಾಪಕ್ಷಮಾ ಪತ್ರ’ವೆಂದು ಕರೆಯುವ ಚೀಟಿ. ಈ ಹೆಸರು ಅರ್ಥವನ್ನು ಸ್ವಲ್ಪ ಕೆಡಿಸುತ್ತದೆ. ರೋಮನ್ ಸಭೆಯ ಬೋಧೆಯಲ್ಲಿ ಪಾಪದ ದೋಷವು ಬೇರೆ, ಅದಕ್ಕೆ ತಕ್ಕ ದಂಡವು ಬೇರೆ. ನೆರೆಯವನ ಬೇಲಿಯನ್ನು ಮುರಿದವನು ಬಂದು ಕ್ಷಮೆ ಬೇಡಿದರೆ ನೆರೆಯವನು ಮನಸ್ಸಿನಲ್ಲಿ ಕ್ಷಮಿಸಬಹುದು. ಆದರೆ ಬೇಲಿಯನ್ನು ಕಟ್ಟಿಕೊಡುವ ಹೊಣೆ ಮುರಿದವನ ಮೇಲೆ ಉಳಿದೇ ಇರುತ್ತದೆ. ಹಾಗೆಯೇ, ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನಿಗೆ ದೋಷವು ಪರಿಹಾರವಾದರೂ ತಾತ್ಕಾಲಿಕವಾದ ದಂಡವು ಉಳಿಯಬಹುದು. ಕ್ರಿಸ್ತನ ಮತ್ತು ಸಂತರ ಪುಣ್ಯನಿಧಿಯಿಂದ ಆ ದಂಡವನ್ನು ಮಾತ್ರ ಕಳೆಯುವ ಅಧಿಕಾರವು ಸಭೆಗೆ ಉಂಟೆಂಬುದು ಸಿದ್ಧಾಂತ. ಈ ಪುಣ್ಯನಿಧಿಯ ವಿಚಾರವನ್ನು 1343ರಲ್ಲಿ ಆರನೆಯ ಕ್ಲೆಮೆಂಟ್ ಪೋಪರು ಆಜ್ಞಾಪತ್ರದಲ್ಲಿ ವಿವರಿಸಿದ್ದರು. 1476ರಲ್ಲಿ ನಾಲ್ಕನೆಯ ಸಿಕ್ಸ್ಟಸ್ ಪೋಪರು ಅದರ ಫಲವು ಮೃತರ ಆತ್ಮಗಳಿಗೂ ಒದಗಬಹುದೆಂದು ಸಾರಿದ್ದರು.

ಸಿದ್ಧಾಂತವು ಸೂಕ್ಷ್ಮವಾಗಿದ್ದಿತು, ಬೀದಿಯಲ್ಲಿ ನಡೆದ ವ್ಯಾಪಾರವು ಸೂಕ್ಷ್ಮವಾಗಿರಲಿಲ್ಲ. ಮೈಂಟ್ಸ್ ಪಟ್ಟಣದ ಆರ್ಚ್‌ಬಿಷಪ್ಪನಾದ ಆಲ್ಬ್ರೆಖ್ಟನು ತನ್ನ ಪದವಿಗಾಗಿ ರೋಮಿಗೆ ಸಲ್ಲಿಸಿದ ಹಣವನ್ನು ಫುಗ್ಗರ್ ಎಂಬ ಸಾಹುಕಾರರ ಮನೆತನದಿಂದ ಸಾಲ ತಂದಿದ್ದನು. ಚೀಟಿಗಳ ಹುಟ್ಟುವಳಿಯಲ್ಲಿ ಅರ್ಧವು ಆ ಸಾಲಕ್ಕೆ, ಮಿಕ್ಕರ್ಧವು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ ಎಂದು ಏರ್ಪಾಡಾಯಿತು. ಟೆಟ್ಸೆಲ್ ಎಂಬ ಸಂನ್ಯಾಸಿಯು ಊರೂರಿನಲ್ಲಿ ಇವುಗಳ ಮಹಿಮೆಯನ್ನು ಸಾರಿದನು. ವಿಟ್ಟೆನ್‌ಬರ್ಗ್ ವಿಶ್ವವಿದ್ಯಾನಿಲಯದ ಅಧ್ಯಾಪಕನೂ ಅಗಸ್ಟೀನ್ ಪಂಥದ ಸಂನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರನು 1517ನೆಯ ಅಕ್ಟೋಬರ್ 31ರಂದು ಇದನ್ನು ಕುರಿತು 95 ವಾದಸೂತ್ರಗಳನ್ನು ಅದೇ ಆರ್ಚ್‌ಬಿಷಪ್ಪನಿಗೆ ಬರೆದು ಕಳುಹಿಸಿದನು. ಆಗ ಅವನು ಪೋಪರನ್ನಾಗಲಿ ಮೃತರ ಶುದ್ಧೀಕರಣವನ್ನಾಗಲಿ ಅಲ್ಲಗಳೆದಿರಲಿಲ್ಲ. ಆತ್ಮಗಳನ್ನು ಬಿಡಿಸುವ ಶಕ್ತಿ ಪೋಪರಿಗಿದ್ದರೆ ಹಣಕ್ಕಾಗಿ ಕೆಲವರನ್ನು ಬಿಡಿಸುವ ಬದಲು ಪ್ರೀತಿಯಿಂದ ಎಲ್ಲರನ್ನೂ ಏಕೆ ಬಿಡಿಸಬಾರದು ಎಂದು ಜನರು ಕೇಳಿದರೆ ಉತ್ತರವೇನು ಎಂಬುದು ಅವನ ಸೂತ್ರಗಳಲ್ಲೊಂದರ ತಾತ್ಪರ್ಯ.

ಲೂಥರನ ಮನಸ್ಸನ್ನು ಕೊರೆಯುತ್ತಿದ್ದ ಪ್ರಶ್ನೆಯು ಚೀಟಿಗಿಂತ ಆಳವಾದುದು. ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲವನ್ನೂ ಮಾಡಿಯೂ ದೇವರು ತನ್ನನ್ನು ಅಂಗೀಕರಿಸಿದನೆಂಬ ಭರವಸೆ ಅವನಿಗೆ ಹುಟ್ಟಲಿಲ್ಲ. ಎಷ್ಟು ಮಾಡಿದರೆ ಸಾಕು? ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ವಿಚಾರಮಾಡುತ್ತ ಅವನು ಕಂಡುಕೊಂಡ ಉತ್ತರವಿದು: ದೇವರು ಮನುಷ್ಯನ ಒಳಗಿರುವ ಪುಣ್ಯವನ್ನು ತೂಗಿ ತೀರ್ಪು ಕೊಡುವುದಿಲ್ಲ, ಕ್ರಿಸ್ತನ ನೀತಿಯನ್ನೇ ನಂಬಿದವನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ನಂಬಿಕೆಯೊಂದರಿಂದಲೇ ಮನುಷ್ಯನು ನೀತಿವಂತನು. ಸತ್ಕಾರ್ಯಗಳು ಬೇಡವೆಂದಲ್ಲ, ಒಳ್ಳೆಯ ಮರದಲ್ಲಿ ಹಣ್ಣು ಬಿಡುವಂತೆ ಅವು ತಾವಾಗಿಯೇ ಬರುತ್ತವೆ. ಆದರೆ ಹಣ್ಣು ಮರವನ್ನು ಹುಟ್ಟಿಸುವುದಿಲ್ಲ. ನಂಬಿದವನು ತನ್ನಲ್ಲಿ ನೋಡಿಕೊಂಡರೆ ಪಾಪಿ, ಕ್ರಿಸ್ತನಲ್ಲಿ ನೋಡಿಕೊಂಡರೆ ನೀತಿವಂತ. ಜೀವಮಾನವಿಡೀ ಎರಡೂ ಹೌದು.

ಇದಕ್ಕೆ ರೋಮನ್ ಸಭೆಯು ಟ್ರೆಂಟ್ ನಗರದ ಮಹಾಸಭೆಯಲ್ಲಿ, 1547ನೆಯ ಜನವರಿ 13ರಂದು, ಸಮಗ್ರವಾದ ಉತ್ತರವನ್ನು ಕೊಟ್ಟಿತು. ಕ್ಯಾಥೊಲಿಕರು ಸತ್ಕಾರ್ಯದಿಂದ ಮೋಕ್ಷವನ್ನು ಕೊಳ್ಳುತ್ತಾರೆಂದು ಹಲವರು ತಿಳಿದಿರುವುದುಂಟು. ಆ ಶಾಸನದ ಮೊದಲನೆಯ ವಿಧಿಯೇ ಇದಕ್ಕೆ ವಿರೋಧವಾಗಿದೆ: ದೈವಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದೆಂದು ಹೇಳುವವನಿಗೆ ಅದು ಬಹಿಷ್ಕಾರವನ್ನು ವಿಧಿಸುತ್ತದೆ. ಮೊದಲ ಹೆಜ್ಜೆ ದೇವರದೆಂಬುದರಲ್ಲಿ ಭೇದವಿಲ್ಲ. ಭೇದವಿರುವುದು ಮುಂದಿನ ಮಾತಿನಲ್ಲಿ. ಟ್ರೆಂಟಿನ ಪ್ರಕಾರ ಕೃಪೆಯು ಹೊರಗಿನಿಂದ ಹೊದಿಸಿದ ವಸ್ತ್ರವಲ್ಲ. ಒಳಗೆ ಸುರಿದು ಮನುಷ್ಯನನ್ನು ನಿಜವಾಗಿ ಮಾರ್ಪಡಿಸುವ ಶಕ್ತಿ. ಮನುಷ್ಯನ ಸಂಕಲ್ಪವು ಅದಕ್ಕೆ ಸಮ್ಮತಿಸಬೇಕು. ಸಮ್ಮತಿಸಿ ನಡೆದರೆ ನೀತಿಯು ವೃದ್ಧಿಯಾಗುತ್ತದೆ, ಘೋರಪಾಪದಿಂದ ನಷ್ಟವೂ ಆಗುತ್ತದೆ. ನಂಬಿಕೆಯೊಂದೇ ಸಾಲದೆಂಬುದಕ್ಕೆ ಅವರು ಯಾಕೋಬನ ಪತ್ರಿಕೆಯನ್ನು ಆಧಾರವಾಗಿ ತೋರಿಸುತ್ತಾರೆ.

ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳನ್ನು ಕೇಳಿರುವ ನಮ್ಮ ಶ್ರೋತೃಗಳಿಗೆ ಇಲ್ಲಿ ಶ್ರೀವೈಷ್ಣವರ ಚರ್ಚೆಯು ನೆನಪಿಗೆ ಬಂದೀತು. ಕೋತಿಯ ಮರಿ ತಾಯಿಯನ್ನು ತಬ್ಬಿಕೊಳ್ಳಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಹೋಲಿಕೆಯು ದಾರಿ ತೋರಿಸುವುದಕ್ಕೆ ಸಾಕು, ಅಳೆಯುವುದಕ್ಕೆ ಸಾಲದು. ಏಕೆಂದರೆ ಟ್ರೆಂಟಿನ ಆಚಾರ್ಯರು ಮರಿಗೆ ತಬ್ಬಿಕೊಳ್ಳುವ ಬಲವೂ ತಾಯಿಯಿಂದಲೇ ಬಂದುದೆನ್ನುವರು.

ಎರಡನೆಯ ಪ್ರಶ್ನೆಯು ಮೊದಲನೆಯದರಿಂದಲೇ ಹುಟ್ಟುತ್ತದೆ. ನೀತಿಯು ಒಳಗೆ ಕ್ರಮವಾಗಿ ಬೆಳೆಯತಕ್ಕದ್ದಾದರೆ, ಬೆಳವಣಿಗೆ ಪೂರ್ಣವಾಗುವುದಕ್ಕೆ ಮುಂಚೆ ಸತ್ತವನ ಗತಿಯೇನು? ಅವನು ನರಕಕ್ಕೆ ಪಾತ್ರನಲ್ಲ. ದೇವರ ದರ್ಶನಕ್ಕೂ ಇನ್ನೂ ಸಿದ್ಧನಲ್ಲ. ಅಂತಹವರು ಪರಿಶುದ್ಧರಾಗುವ ಮಧ್ಯಾವಸ್ಥೆಯೇ ಶುದ್ಧೀಕರಣ ಸ್ಥಳ. ಅಲ್ಲಿರುವವರೆಲ್ಲರೂ ಸದ್ಗತಿಯನ್ನು ಪಡೆಯತಕ್ಕವರೇ ಎಂಬುದನ್ನು ಮರೆಯಬಾರದು. ಬದುಕಿರುವವರ ಪ್ರಾರ್ಥನೆ, ದಾನ, ಬಲಿಪೂಜೆಗಳಿಂದ ಅವರಿಗೆ ನೆರವಾಗುತ್ತದೆ. 1274ರಲ್ಲಿ ಲಿಯೋನ್ ನಗರದ, 1439ರಲ್ಲಿ ಫ್ಲಾರೆನ್ಸ್ ನಗರದ ಮಹಾಸಭೆಗಳು ಇದನ್ನು ಸಾರಿದ್ದವು. ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಯೂದ ಮಕ್ಕಬಿಯನು ಜೆರೂಸಲೇಮಿಗೆ ಕಾಣಿಕೆ ಕಳುಹಿಸಿದನೆಂಬ ಕಥೆಯು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿದೆ. ಕ್ಯಾಥೊಲಿಕರಿಗೆ ಅದು ಪ್ರಮಾಣ.

ಪ್ರಾಟೆಸ್ಟೆಂಟರ ವಾದವೇನೆಂದರೆ, ಆ ಗ್ರಂಥವು ಯೆಹೂದ್ಯರ ಹೀಬ್ರೂ ವೇದಸಂಪುಟದಲ್ಲಿಲ್ಲ. ಆದುದರಿಂದ ಸಿದ್ಧಾಂತಕ್ಕೆ ಆಧಾರವಾಗಲಾರದು. ಅದಕ್ಕಿಂತ ಮುಖ್ಯವಾಗಿ, ಕ್ರಿಸ್ತನ ನೀತಿಯೇ ನಂಬಿದವನದಾದ ಮೇಲೆ ತೀರಿಸಬೇಕಾದ ಬಾಕಿಯಾವುದು? ಬಾಕಿಯುಂಟೆಂದರೆ ಶಿಲುಬೆಯ ಬಲಿ ಸಾಲದೆಂದಂತಾಗುವುದಿಲ್ಲವೆ? ಲೂಥರನು 1530ರ ಹೊತ್ತಿಗೆ ಶುದ್ಧೀಕರಣ ಸ್ಥಳದ ಬೋಧೆಯನ್ನು ಬಹಿರಂಗವಾಗಿ ತಿರಸ್ಕರಿಸಿದನು.

ಈ ಚರ್ಚೆಯು ಪಂಡಿತರ ಕೋಣೆಯಲ್ಲಿಯೇ ಉಳಿಯಲಿಲ್ಲ. ಮೃತರ ಹೆಸರಿನಲ್ಲಿ ನಿತ್ಯವೂ ಬಲಿಪೂಜೆ ನಡೆಯಲೆಂದು ಜನರು ತಲೆತಲಾಂತರದಿಂದ ಭೂಮಿಕಾಣಿಗಳನ್ನು ಬಿಟ್ಟಿದ್ದರು. ಇಂಗ್ಲೆಂಡಿನಲ್ಲಿ 1547ರ ಶಾಸನವು ಅಂತಹ ದತ್ತಿಗಳನ್ನೆಲ್ಲ ರದ್ದುಮಾಡಿ ಆಸ್ತಿಯನ್ನು ಅರಸನಿಗೆ ಸೇರಿಸಿತು. ಹಣದ ಮಾತು ಹಾಗಿರಲಿ. ಮಗನನ್ನು ಕಳೆದುಕೊಂಡ ತಾಯಿಗೆ ಇದರ ಅರ್ಥವೇನೆಂದು ಯೋಚಿಸಬೇಕು. ನಿನ್ನ ಪ್ರಾರ್ಥನೆ ಅವನನ್ನು ಮುಟ್ಟುತ್ತದೆಂದು ಒಬ್ಬ ಗುರು ಹೇಳಿದನು. ಅವನು ಆಗಲೇ ಕ್ರಿಸ್ತನ ಆಶ್ರಯದಲ್ಲಿದ್ದಾನೆ, ನಿನ್ನ ನೆರವು ಅವನಿಗೆ ಬೇಕಿಲ್ಲವೆಂದು ಇನ್ನೊಬ್ಬನು ಹೇಳಿದನು. ಎರಡೂ ಸಾಂತ್ವನವೇ, ಆದರೆ ಒಂದನ್ನು ನಂಬಿ ಬೆಳೆದವಳಿಂದ ಅದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಡುವುದು ಸುಲಭವಾಗಿರಲಿಲ್ಲ. ಇಂದಿಗೂ ನವೆಂಬರ್ 2ರಂದು ಮಂಗಳೂರಿನ ಕ್ಯಾಥೊಲಿಕರು ಲೋಕದ ಇತರ ಕ್ಯಾಥೊಲಿಕರಂತೆಯೇ ಮೃತರಿಗಾಗಿ ಪೂಜೆ ಸಲ್ಲಿಸುತ್ತಾರೆ; ಅದೇ ಊರಿನಲ್ಲಿ 1834ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ಪರಂಪರೆಯವರಿಗೆ ಆ ಪೂಜೆಯಿಲ್ಲ.

ಮಕ್ಕಬಿಯರ ಗ್ರಂಥವು ಪ್ರಮಾಣವೋ ಅಲ್ಲವೋ ಎಂದು ನಿರ್ಣಯಿಸುವವರು ಯಾರು? ಹೀಗೆ ಎರಡನೆಯ ಪ್ರಶ್ನೆಯು ಮೂರನೆಯದಕ್ಕೆ ಬಾಗಿಲು ತೆರೆಯುತ್ತದೆ. 1519ರಲ್ಲಿ ಲೈಪ್‌ಟ್ಸಿಗ್ ನಗರದಲ್ಲಿ ನಡೆದ ವಾದದಲ್ಲಿ ಯೋಹಾನ್ ಎಕ್ ಎಂಬ ಪ್ರತಿವಾದಿಯು ಲೂಥರನನ್ನು ಚತುರತೆಯಿಂದ ಇದೇ ಬಾಗಿಲಿಗೆ ತಂದು ನಿಲ್ಲಿಸಿದನು. ಬೊಹೆಮಿಯದ ಯಾನ್ ಹುಸ್ಸನನ್ನು ಕಾನ್ಸ್ಟಾನ್ಸ್ ಮಹಾಸಭೆಯು ಪಾಷಂಡಿಯೆಂದು ನಿರ್ಣಯಿಸಿ, ಅವನನ್ನು 1415ರಲ್ಲಿ ಸುಡಿಸಲಾಗಿದ್ದಿತು. ಹುಸ್ಸನ ಮಾತುಗಳಲ್ಲಿ ಕೆಲವು ಸತ್ಯವಾದ ಕ್ರೈಸ್ತಬೋಧೆಯೇ ಎಂದು ಲೂಥರನು ಒಪ್ಪಬೇಕಾಯಿತು. ಒಪ್ಪಿದೊಡನೆ, ಪೋಪರು ಮಾತ್ರವಲ್ಲ, ಮಹಾಸಭೆಗಳೂ ತಪ್ಪಬಲ್ಲವೆಂದಾಯಿತು. 1521ರಲ್ಲಿ ವೋರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಂತು, ಧರ್ಮಗ್ರಂಥದಿಂದಲೋ ಸ್ಪಷ್ಟವಾದ ಯುಕ್ತಿಯಿಂದಲೋ ತನ್ನನ್ನು ಒಪ್ಪಿಸದ ಹೊರತು ಮಾತನ್ನು ಹಿಂತೆಗೆದುಕೊಳ್ಳಲಾರೆನೆಂದು ಅವನು ಹೇಳಿದುದು ಇದರ ಫಲ.

ಕ್ಯಾಥೊಲಿಕರ ಉತ್ತರವು ದುರ್ಬಲವಾದುದಲ್ಲ. ಯಾವ ಗ್ರಂಥಗಳು ಬೈಬಲಿಗೆ ಸೇರಿದವೆಂದು ಗೊತ್ತುಮಾಡಿದುದೇ ಸಭೆ. ಆ ಸಭೆಯನ್ನು ನಂಬದೆ ಗ್ರಂಥವನ್ನು ಮಾತ್ರ ನಂಬುವುದೆಂತು? ಶಾಸನದ ಪುಸ್ತಕವಿದ್ದರೆ ಸಾಲದು, ನ್ಯಾಯಾಧಿಪತಿಯೂ ಬೇಕು. 1529ರಲ್ಲಿ ಮಾರ್‌ಬುರ್ಗ್ ಕೋಟೆಯಲ್ಲಿ ಲೂಥರನೂ ಸ್ವಿಟ್ಸರ್ಲೆಂಡಿನ ಟ್ಸ್ವಿಂಗ್ಲಿಯೂ ಸೇರಿ, ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಒಪ್ಪಿಯೂ, ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನು ಹೇಗೆ ಇರುತ್ತಾನೆಂಬುದರಲ್ಲಿ ಬೇರೆಯಾದರು. ಗ್ರಂಥವು ಒಂದೇ, ಓದಿದವರು ಇಬ್ಬರು. ಇದಕ್ಕೆ ಪ್ರಾಟೆಸ್ಟೆಂಟರು ಹೇಳುವುದು: ನ್ಯಾಯಾಧಿಪತಿಯೂ ಶಾಸನಕ್ಕೆ ಅಧೀನನೇ, ಅವನು ಅದನ್ನು ಮೀರಿದಾಗ ಅವನಿಗೆ ಅದನ್ನು ಓದಿ ಹೇಳುವ ಹಕ್ಕು ಪ್ರಜೆಗಿಲ್ಲದಿದ್ದರೆ ಶಾಸನವೇಕೆ? ಮನಬಂದಂತೆ ಅರ್ಥಮಾಡಬಹುದೆಂದು ಅವರೂ ಹೇಳುವುದಿಲ್ಲ. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವೇ ಇದಕ್ಕೆ ಸಾಕ್ಷಿ. ಟ್ರೆಂಟಿನ ಸಭೆಯು 1546ರಲ್ಲಿ ಗ್ರಂಥವನ್ನೂ ಅಪೊಸ್ತಲರಿಂದ ಬಂದ ಸಂಪ್ರದಾಯವನ್ನೂ ಸಮಾನವಾದ ಭಕ್ತಿಯಿಂದ ಸ್ವೀಕರಿಸತಕ್ಕದ್ದೆಂದು ಸಾರಿತು. 1870ರಲ್ಲಿ ವ್ಯಾಟಿಕನ್ ಮಹಾಸಭೆಯು, ಪೋಪರು ಸಮಸ್ತ ಸಭೆಯ ಗುರುವಾಗಿ ನಂಬಿಕೆ ಅಥವಾ ನೀತಿಯ ವಿಷಯದಲ್ಲಿ ಅಂತಿಮನಿರ್ಣಯ ಕೊಡುವಾಗ ತಪ್ಪುವುದಿಲ್ಲವೆಂದು ಘೋಷಿಸಿತು. ಅವರ ಪ್ರತಿಯೊಂದು ಮಾತಿಗೂ ಇದು ಅನ್ವಯಿಸುವುದಿಲ್ಲ.

ಈ ಮೂರು ಪ್ರಶ್ನೆಗಳಲ್ಲಿ ಬಿಡಿಸಲು ಕಷ್ಟವಾದುದು ಯಾವುದು? ಚರಿತ್ರೆಯೇ ಎರಡು ಸಲ ಉತ್ತರ ಕೊಟ್ಟಿದೆ. 1541ರಲ್ಲಿ ರೇಗೆನ್ಸ್‌ಬುರ್ಗ್ ನಗರದಲ್ಲಿ ಉಭಯ ಪಕ್ಷದ ವಿದ್ವಾಂಸರು ಸೇರಿದರು. ಲೈಪ್‌ಟ್ಸಿಗಿನ ಎಕ್ಕನೂ ಲೂಥರನ ಮಿತ್ರ ಮೆಲಾಂಕ್ತನನೂ ಅಲ್ಲಿದ್ದರು. ರೋಮಿನ ಪ್ರತಿನಿಧಿಯಾಗಿ ಕಾರ್ಡಿನಲ್ ಕೊಂತಾರಿನಿ ಬಂದಿದ್ದನು. ನೀತಿವಂತನಾಗುವುದು ಹೇಗೆಂಬ ವಿಷಯದಲ್ಲಿ ಅವರು ಒಮ್ಮತಕ್ಕೆ ಬಂದುಬಿಟ್ಟರು! ಆದರೆ ಪರಮಪ್ರಸಾದ ಮತ್ತು ಸಭೆಯ ಅಧಿಕಾರದ ಮಾತು ಬಂದೊಡನೆ ಸಂಧಾನವು ಮುರಿಯಿತು. ಒಪ್ಪಿದ ವಾಕ್ಯವನ್ನು ಕೂಡ ರೋಮೂ ಅಂಗೀಕರಿಸಲಿಲ್ಲ, ಲೂಥರನೂ ಮೆಚ್ಚಲಿಲ್ಲ. ಮುಂದೆ ಮತಭೇದವು ರಾಜಕೀಯದೊಡನೆ ಬೆರೆತು, 1618ರಿಂದ 1648ರ ವರೆಗಿನ ಯುದ್ಧದಲ್ಲಿ ಜರ್ಮನಿಯನ್ನು ಹಾಳುಗೆಡವಿತು.

ಎರಡನೆಯ ಉತ್ತರವು ನಮ್ಮ ಕಾಲದ್ದು. 1999ನೆಯ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ರೋಮನ್ ಸಭೆಯೂ ಲೂಥರನ್ ಸಭೆಗಳ ಲೋಕಸಂಘವೂ ಒಂದು ಜಂಟಿ ಘೋಷಣೆಗೆ ಸಹಿಮಾಡಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ. ಅದೇ ಕೃಪೆಯು ಹೃದಯವನ್ನು ನೂತನಗೊಳಿಸಿ ಸತ್ಕಾರ್ಯಕ್ಕೆ ಕರೆಯುತ್ತದೆ. ಈ ಅರ್ಥದಲ್ಲಿ ಹಳೆಯ ಬಹಿಷ್ಕಾರಗಳು ಇಂದು ಪರಸ್ಪರ ಅನ್ವಯಿಸುವುದಿಲ್ಲವೆಂದು ಅದರ ಸಾರ. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಇದಕ್ಕೆ ಸೇರಿದರು. ಹಣಕ್ಕೆ ದಂಡಕ್ಷಮೆ ಕೊಡುವ ಪದ್ಧತಿಯನ್ನು ಐದನೆಯ ಪಯಸ್ ಪೋಪರು 1567ರಲ್ಲಿಯೇ ನಿಲ್ಲಿಸಿದ್ದರು. ಆದರೆ ದಂಡಕ್ಷಮೆಯೂ ಶುದ್ಧೀಕರಣದ ಬೋಧೆಯೂ ರೋಮನ್ ಸಭೆಯಲ್ಲಿ ಇಂದಿಗೂ ಉಂಟು. ಪೋಪರ ಅಧಿಕಾರದ ಪ್ರಶ್ನೆಯಂತೂ ಇದ್ದಲ್ಲಿಯೇ ಇದೆ. ಅದನ್ನು ನಡೆಸುವ ಬಗೆಯನ್ನು ಕುರಿತು ಒಟ್ಟಿಗೆ ವಿಚಾರಮಾಡೋಣವೆಂದು 1995ರಲ್ಲಿ ಎರಡನೆಯ ಜಾನ್ ಪಾಲ್ ಪೋಪರೇ ಇತರ ಸಭೆಗಳ ನಾಯಕರನ್ನು ಕರೆದರು.

ಲೂಥರನನ್ನು ನಿದ್ರೆಗೆಡಿಸಿದ ಪ್ರಶ್ನೆಗೆ ಸಮಾಧಾನವು ಹೀಗೆ ಬಹುಮಟ್ಟಿಗೆ ದೊರೆಯಿತು. ಆ ಸಮಾಧಾನ ಸರಿಯೆಂದು ಮುದ್ರೆಯೊತ್ತುವವರಾರು ಎಂಬುದಕ್ಕೆ ದೊರೆತಿಲ್ಲ. ಆದುದರಿಂದಲೇ ಒಬ್ಬನೇ ಕ್ರಿಸ್ತನ ಕೃಪೆಯನ್ನು ಒಂದೇ ಮಾತಿನಲ್ಲಿ ಒಪ್ಪುವ ಗಂಡಹೆಂಡಿರು, ಒಬ್ಬರು ಕ್ಯಾಥೊಲಿಕ್ ಒಬ್ಬರು ಲೂಥರನ್ ಆಗಿದ್ದರೆ, ಇಂದಿಗೂ ಸಾಮಾನ್ಯವಾಗಿ ಒಂದೇ ಪೀಠದಿಂದ ಪ್ರಸಾದವನ್ನು ಸ್ವೀಕರಿಸಲಾರರು.