ಸಹಿಯೊಳಗಿನ ಇಸವಿ

ಆಟೋಗ್ರಾಫ್ ಎಂದರೆ ನಮಗೆ ನೆನಪಾಗುವುದು ಕ್ರಿಕೆಟಿಗರು, ಸಿನಿಮಾ ತಾರೆಯರು. ಹೆಸರಾಂತ ಸೇನಾನಿಗಳು ಸಹಿ ಮಾಡಿದ ಪತ್ರಗಳನ್ನು ಹುಡುಕಿ ಕೂಡಿಡುವವರೂ ಇದ್ದಾರೆ. ಹರಾಜಿನಲ್ಲಿ ಇಂಥ ಒಂದು ಹಾಳೆಗೆ ಲಕ್ಷಗಟ್ಟಲೆ ಬೆಲೆ ಬರುವುದುಂಟು. ದುಡ್ಡಿರುವ ಕಡೆ ನಕಲಿಯೂ ಇರುತ್ತದೆ. ಹಾಗಾಗಿ ಕೊಳ್ಳುವ ಮೊದಲು ಸಹಿಯನ್ನು ಓದಲು ಕಲಿಯಬೇಕು.

ಬ್ರಿಟನ್ನಿನ ನೌಕಾ ಸೇನಾನಿ ನೆಲ್ಸನ್ 1797ರ ಜುಲೈನಲ್ಲಿ ಟೆನೆರಿಫ್ ದಾಳಿಯಲ್ಲಿ ಬಲಗೈ ಕಳೆದುಕೊಂಡ. ಕೆಲವೇ ದಿನಗಳಲ್ಲಿ ಎಡಗೈಯಲ್ಲಿ ಬರೆಯತೊಡಗಿದ. ಅಕ್ಷರದ ರೂಪವೇ ಬದಲಾಯಿತು. 1800ರ ಪತ್ರವೊಂದರಲ್ಲಿ ಅವನ ಹಳೆಯ ಬಲಗೈ ಬರಹ ಕಂಡರೆ ಅದು ನಕಲಿಯೇ. ನೆಪೋಲಿಯನ್ ಮೊದಲು 'ಬುವೊನಪಾರ್ಟೆ' ಎಂದು ಸಹಿ ಮಾಡುತ್ತಿದ್ದ. 1796ರಲ್ಲಿ ಅದು 'ಬೊನಪಾರ್ಟ್' ಆಯಿತು. 1804ರಲ್ಲಿ ಚಕ್ರವರ್ತಿಯಾದ ಮೇಲೆ 'ನೆಪೋಲಿಯನ್' ಎಂದು ಬರೆಯತೊಡಗಿ, ಕ್ರಮೇಣ ಬರೀ 'ಎನ್' ಅಕ್ಷರಕ್ಕೆ ಇಳಿದ.

ನಮ್ಮ ನೆಲಕ್ಕೆ ಸೇರಿದ ಉದಾಹರಣೆಯೂ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅದಕ್ಕೆ ಒಂದು ವರ್ಷದ ಹಿಂದಿನವರೆಗೂ 'ವೆಸ್ಲಿ' ಎಂದೇ ಬರೆದುಕೊಳ್ಳುತ್ತಿದ್ದ. 'ವೆಲ್ಲಿಂಗ್ಟನ್' ಎಂಬ ಬಿರುದು ಸಿಕ್ಕಿದ್ದು 1809ರಲ್ಲಿ. ಶ್ರೀರಂಗಪಟ್ಟಣದಿಂದ ಬರೆದದ್ದು ಎನ್ನಲಾದ ಪತ್ರದಡಿ 'ವೆಲ್ಲಿಂಗ್ಟನ್' ಎಂಬ ಸಹಿ ಇದ್ದರೆ ಯಾರಾದರೂ ಮೋಸ ಮಾಡುತ್ತಿದ್ದಾರೆ ಎಂದೇ ಅರ್ಥ.

ಸಹಿ ಸರಿಯಿದ್ದರೆ ಸಾಲದು. ದೊಡ್ಡ ಅಧಿಕಾರಿಗಳ ಎಷ್ಟೋ ಪತ್ರಗಳನ್ನು ಗುಮಾಸ್ತರು ಬರೆದು, ಕೊನೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಪೂರ್ತಿ ಸ್ವಹಸ್ತದಲ್ಲಿರುವ ಪತ್ರಕ್ಕೆ ಬೆಲೆ ಹೆಚ್ಚು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತಿನಲ್ಲಿ ಕೆಲವೊಮ್ಮೆ ಕಾಗದ ತಯಾರಾದ ವರ್ಷವೂ ಇರುತ್ತದೆ. ಪತ್ರದ ತಾರೀಕಿಗಿಂತ ಕಾಗದ ಹೊಸದಾಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು.

ಕಾನೂನೂ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಐತಿಹಾಸಿಕ ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ನಮ್ಮಂಥ ವಿದ್ಯಾರ್ಥಿಗಳಿಗೆ ಇಂಥ ಪತ್ರ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಆದರೆ ಅಸಲಿ ನಕಲಿ ಗುರುತಿಸುವ ಕಣ್ಣಿಗೆ ಕಾಸು ಬೇಕಿಲ್ಲ. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಹಳೆಯ ಕಡತಗಳ ಪ್ರತಿಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ದಾಖಲೆ ನಿರ್ವಹಣೆಯಲ್ಲಿ ಡಿಪ್ಲೊಮಾ ಕೋರ್ಸ್ ಕೂಡ ಇದೆ. ಕೆಲಸ ಹುಡುಕುತ್ತಿರುವ ಇತಿಹಾಸ ಪದವೀಧರರು ಇತ್ತಲೂ ಒಮ್ಮೆ ಕಣ್ಣು ಹಾಯಿಸಬಹುದಲ್ಲವೇ?