ಅಂಟು ಬಿಡಿಸುವ ಮುನ್ನ



ನಿಮ್ಮ ಮನೆಯ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತ ಪೆಟ್ಟಿಗೆಯನ್ನು ಎಂದಾದರೂ ಕೆಳಗಿಳಿಸಿ ನೋಡಿದ್ದೀರಾ? ಕಾಸರಗೋಡಿನಿಂದಲೋ ಮಂಗಳೂರಿನಿಂದಲೋ ಬ್ಯಾಂಕಿನ ಕೆಲಸಕ್ಕೆಂದು ಕೊಚ್ಚಿಗೆ, ತುಂಬಾದ ರಾಕೆಟ್ ಕೇಂದ್ರಕ್ಕೆಂದು ತಿರುವನಂತಪುರಕ್ಕೆ ಬಂದವರ ಮನೆಗಳಲ್ಲಿ ಅಂಥದೊಂದು ಪೆಟ್ಟಿಗೆ ಸಾಮಾನ್ಯವಾಗಿ ಇರುತ್ತದೆ. ಒಳಗೆ ಕ್ಯಾಸೆಟ್ಟುಗಳು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ತಾಳಮದ್ದಳೆ, ಭಾವಗೀತೆ, ಭಕ್ತಿಗೀತೆ. ಇವು ಹುಡುಕಿದರೆ ಬೇರೆಡೆಯೂ ಸಿಕ್ಕಾವು. ಆದರೆ ಅಜ್ಜಿ ಹಾಡಿದ ಶೋಭಾನೆ, ಊರಿನಿಂದ ಅಜ್ಜ ಮಾತಾಡಿ ಕಳಿಸಿದ ‘ಪತ್ರ’, ಇವುಗಳಿಗೆ ಇನ್ನೊಂದು ಪ್ರತಿ ಎಲ್ಲಿಂದ ಬರಬೇಕು?

ಈ ಕ್ಯಾಸೆಟ್ಟುಗಳ ಮೇಲೆ ಹೆಸರು ಬರೆದ ಚೀಟಿಯನ್ನು ನಮ್ಮ ಹಿರಿಯರು ಸೆಲ್ಲೋಟೇಪ್ ಹಾಕಿ ಅಂಟಿಸುತ್ತಿದ್ದರು. ಆ ಟೇಪು ಈಗ ಒಣಗಿ ಹಪ್ಪಳದ ಹಾಗೆ ಉದುರಿರುತ್ತದೆ. ಅಂಟು ಮಾತ್ರ ಉಳಿದು, ಕೊಚ್ಚಿಯ ಮಳೆಗಾಲಕ್ಕೆ ಹಲಸಿನ ಮೇಣದಂತಾಗಿ, ಧೂಳು ಮೆತ್ತಿ, ಒಂದು ಡಬ್ಬಿಗೆ ಇನ್ನೊಂದನ್ನು ಹಿಡಿಸಿಬಿಟ್ಟಿರುತ್ತದೆ. ಟೇಪಿನ ಅಂಟಿನಲ್ಲಿ ರಬ್ಬರು, ರಾಳಗಳಿರುತ್ತವೆ. ಸೆಕೆ ಮತ್ತು ಗಾಳಿಗೆ ವರ್ಷಗಟ್ಟಲೆ ಸಿಕ್ಕರೆ ರಬ್ಬರು ಮೊದಲು ಮೆತ್ತಗಾಗಿ ಜಿಗುಟುತ್ತದೆ, ಆಮೇಲೆ ಕಂದಾಗಿ ಗಟ್ಟಿಯಾಗುತ್ತದೆ.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ತಿರುವನಂತಪುರದಿಂದ ಕೊಚ್ಚಿಗೆ ವರ್ಗವಾಗಿ ಸಾಮಾನು ಬಿಚ್ಚುತ್ತಿದ್ದಾಗ ಅಪ್ಪನ ಪೆಟ್ಟಿಗೆ ಸಿಕ್ಕಿತು. ಅಂಟು ತೆಗೆಯಲು ಮಗಳ ಉಗುರು ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಹಾಕಿ ಉಜ್ಜಿದೆ. ಅಂಟು ಹೋಯಿತು, ನಿಜ. ಜೊತೆಗೆ ಗಾಜಿನಂತಿದ್ದ ಡಬ್ಬಿ ಮಂಜು ಕವಿದಂತೆ ಬಿಳಿಚಿಕೊಂಡಿತು. ಅದರ ಮೇಲೆ ಅಪ್ಪ ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿದ್ದ ‘ಅಮ್ಮನ ಹಾಡು’ ಎಂಬ ಎರಡು ಪದ ಹತ್ತಿಯಲ್ಲಿ ನೀಲಿಯಾಗಿ ಉಳಿಯಿತು! ಆ ಕೈಬರಹ ಮತ್ತೆ ಬರುವುದಿಲ್ಲ. ನೀವು ಹಾಗೆ ಮಾಡಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಆದದ್ದೇನು? ಆ ದ್ರಾವಣದಲ್ಲಿ ಅಸಿಟೋನ್ ಇತ್ತು. ಕ್ಯಾಸೆಟ್ಟಿನ ಪಾರದರ್ಶಕ ಡಬ್ಬಿ ಸಾಮಾನ್ಯವಾಗಿ ಪಾಲಿಸ್ಟೈರೀನ್. ಅಸಿಟೋನ್ ಅದರ ಮೇಲ್ಮೈಯನ್ನೇ ಕರಗಿಸುತ್ತದೆ. ಪೆಟ್ರೋಲು, ಪೇಂಟಿಗೆ ಹಾಕುವ ಥಿನ್ನರ್ ಕೂಡ ಹಾಗೆಯೇ. ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆಗಳು ಅಂಟಿಗೆ ಒಳ್ಳೆಯ ಮದ್ದು ಎಂದು ಹೇಳುವವರುಂಟು. ಗಾಜಿನ ಬಾಟಲಿಗೆ ಸರಿ, ಪಾಲಿಸ್ಟೈರೀನಿಗೆ ಅವೂ ಶತ್ರುಗಳೇ. ಆದ್ದರಿಂದ ಮೊದಲು ಪ್ಲಾಸ್ಟಿಕ್ ಯಾವುದೆಂದು ನೋಡಿ. ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ, 6 ಎಂದರೆ ಪಾಲಿಸ್ಟೈರೀನ್, 5 ಎಂದರೆ ಪಾಲಿಪ್ರೊಪಿಲೀನ್, ಅಂದರೆ ನಿಮ್ಮ ಟಿಫಿನ್ ಡಬ್ಬಿಯ ಜಾತಿ, ಸ್ವಲ್ಪ ಗಟ್ಟಿಗ. ಅಂಕಿ ಇಲ್ಲದೆ, ತಟ್ಟಿದರೆ ಟಣಟಣ ಎನ್ನುವ, ಬಿದ್ದರೆ ಚಟ್ಟನೆ ಸೀಳುವ ಪ್ಲಾಸ್ಟಿಕ್ಕಾದರೆ ಅದನ್ನು ಪಾಲಿಸ್ಟೈರೀನ್ ಎಂದೇ ತಿಳಿದು ನಡೆಯಿರಿ.

ಎರಡನೆಯ ಡಬ್ಬಿಗೆ ಬುದ್ಧಿ ಬಂದಿತ್ತು. ಮೊದಲು ಒಳಗಿನ ಕ್ಯಾಸೆಟ್ಟನ್ನು ತೆಗೆದು ದೂರ ಇಟ್ಟೆ. ಬರಿಯ ಬೆರಳಿನಿಂದ ಅಂಟನ್ನು ಒಂದೇ ದಿಕ್ಕಿಗೆ ಉರುಳಿಸಿದೆ. ಮೆತ್ತಗಿದ್ದದ್ದೆಲ್ಲ ಉಂಡೆಯಾಗಿ ಎದ್ದು ಬಂತು. ಉಳಿದದ್ದರ ಮೇಲೆ ಹೊಸ ಟೇಪಿನ ತುಂಡು ಒತ್ತಿ ಸರಕ್ಕನೆ ಎಳೆದೆ. ಅಂಟಿಗೆ ಅಂಟೇ ಮಿತ್ರ, ಅರ್ಧ ಕೆಲಸ ಅಲ್ಲೇ ಮುಗಿಯಿತು.

ಆಮೇಲೆ ತೆಂಗಿನೆಣ್ಣೆ. ನಿಮ್ಮ ಗೆಳೆಯರ ಬಾಯಲ್ಲಿ ಅದು ವೆಳಿಚ್ಚೆಣ್ಣ. ಕೇರಳದಲ್ಲಿದ್ದುಕೊಂಡು ಇದಕ್ಕಾಗಿ ಚಾಲೈ ಬಜಾರಿಗೋ ಬ್ರಾಡ್‌ವೇಗೋ ಓಡಬೇಕಾಗಿಲ್ಲ, ಅಡುಗೆಮನೆಯಲ್ಲೇ ಇದೆ. (ಬೆಂಗಳೂರಿನ ಚಳಿಗಾಲದಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟೀತು. ಸುಮಾರು 24 ಡಿಗ್ರಿಯ ಕೆಳಗೆ ಅದರ ಸ್ವಭಾವವೇ ಹಾಗೆ.) ಎಣ್ಣೆಯನ್ನು ನೇರವಾಗಿ ಸುರಿಯದೆ ಹತ್ತಿಗೆ ಎರಡು ಹನಿ ಹಾಕಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಅಂಟಿಗೆ ಸವರಿ ಹತ್ತು ನಿಮಿಷ ಬಿಡಿ. ರಬ್ಬರಿನ ಅಂಟು ಎಣ್ಣೆ ಕುಡಿದು ಉಬ್ಬಿ ಹಿಡಿತ ಬಿಡುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿ. ಬ್ಲೇಡು ಬೇಡ, ಪಾತ್ರೆ ತಿಕ್ಕುವ ಹಸಿರು ನಾರು ಖಂಡಿತ ಬೇಡ. ಕೊನೆಗೆ ಪಾತ್ರೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಎಣ್ಣೆಯನ್ನು ರಾತ್ರಿಯಿಡೀ ಬಿಡಬೇಡಿ. ಮೊದಲೇ ಬಿಗಿತವಿರುವ ಪಾಲಿಸ್ಟೈರೀನಿನಲ್ಲಿ ಎಣ್ಣೆಯೂ ನವಿರು ಬಿರುಕು ಎಬ್ಬಿಸಬಲ್ಲದು.

ಆಗಲೂ ಮಸುಕು ಉಳಿದರೆ, ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಸ್ಪಿರಿಟನ್ನು ಹತ್ತಿಗೆ ತೋರಿಸಿದಷ್ಟು ಹಾಕಿ ಒಮ್ಮೆ ಒರೆಸಿ, ತಕ್ಷಣ ಒಣಬಟ್ಟೆ ಹಿಡಿಯಿರಿ. ದೇವರ ದೀಪದ ಹತ್ತಿರ ಕುಳಿತು ಮಾತ್ರ ಈ ಕೆಲಸ ಮಾಡಬೇಡಿ. ಪೆನ್ನಿನ ಬರಹವಿದ್ದ ಕಡೆ ಸ್ಪಿರಿಟೂ ತಾಗಬಾರದು, ಶಾಯಿ ಹೊರಟುಹೋಗುತ್ತದೆ.

ಅಂಟು ಕ್ಯಾಸೆಟ್ಟಿನ ಮೈಮೇಲೇ ಇದ್ದರೆ ಇನ್ನಷ್ಟು ನಿಧಾನ ಬೇಕು. ಅದರ ಹಲ್ಲಿನ ರಂಧ್ರಗಳಿಂದಲೂ ಕೆಳಗಿನ ಬಾಯಿಯಿಂದಲೂ ಎಣ್ಣೆ ಒಳಗಿಳಿದು ಕಂದು ರಿಬ್ಬನ್ನಿಗೆ ತಾಗಿದರೆ ಅಜ್ಜಿಯ ದನಿಯೇ ಹಾಳಾದೀತು. ಅಲ್ಲಿ ಒಣ ಬೆರಳು ಮತ್ತು ಟೇಪಿನ ತುಂಡು, ಅಷ್ಟೇ. ಹೇರ್ ಡ್ರೈಯರಿನ ಬಿಸಿಗಾಳಿಯೂ ಬೇಡ. ಚೀಟಿಯ ಕಾಗದಕ್ಕೆ ಎಣ್ಣೆ ಹತ್ತಿದರೆ ಕಲೆ ಹೋಗುವುದಿಲ್ಲ. ಅದಕ್ಕೆ ಕೈಹಚ್ಚುವ ಮೊದಲೇ ಫೋನಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡಿ. ಅಕ್ಷರ ಓದಲು ಬರದಿದ್ದರೆ ಅಮ್ಮನಿಗೋ ದೊಡ್ಡಮ್ಮನಿಗೋ ತೋರಿಸಿ, ಯಾವ ವರ್ಷ, ಯಾರ ದನಿ ಎಂದು ಕೇಳಿ ಬರೆದುಕೊಳ್ಳಿ.

ಒಂದು ತಮಾಷೆ ನೋಡಿ: ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ತುಂಬಾದಿಂದ ಮೊದಲ ರಾಕೆಟ್ ಹಾರಿದ್ದೂ ಅದೇ ವರ್ಷದ ನವೆಂಬರಿನಲ್ಲಿ.

ಡಬ್ಬಿ ಚೊಕ್ಕಟವಾದ ಕೂಡಲೇ ಆತುರದಿಂದ ಕ್ಯಾಸೆಟ್ಟನ್ನು ಪ್ಲೇಯರಿಗೆ ತುರುಕಬೇಡಿ. ರಿಬ್ಬನ್ನಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ. ಇಲ್ಲವಾದರೆ ಪೆನ್ಸಿಲನ್ನು ಹಲ್ಲಿಗೆ ಸಿಕ್ಕಿಸಿ ನಾಲ್ಕು ಸುತ್ತು ತಿರುಗಿಸಿ, ಸಡಿಲ ರಿಬ್ಬನ್ ಬಿಗಿಯಾಗಲಿ. ಮೊದಲ ಸಲ ಹಾಕುವಾಗಲೇ ಫೋನಿಗೋ ಕಂಪ್ಯೂಟರಿಗೋ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಆ ಎರಡನೆಯ ಕ್ಯಾಸೆಟ್ ಹಾಕಿದಾಗ ಮೊದಲು ಕೇಳಿಸಿದ್ದು ಕೋಳಿಯ ಕೂಗು, ಆಮೇಲೆ ಅಜ್ಜಿ: “ಇದು ತಿರುಗ್ತಾ ಉಂಟಾ ಮಗಾ?”